ಇಂಗ್ಲಿಷ್ ಪದದ ಮೇಲೆ ವಾದ ಬಿದ್ದಾಗ ಬಗೆಹರಿಸಿಕೊಳ್ಳುವುದು ಹೇಗೆ?

‘ಆಫನ್’ ಸರಿಯೋ ‘ಆಫ್ಟನ್’ ಸರಿಯೋ? ‘ಶೆಡ್ಯೂಲ್’ ಅನ್ನಬೇಕೋ ‘ಸ್ಕೆಜೂಲ್’ ಅನ್ನಬೇಕೋ? ‘ಲೆಸ್ ಪೀಪಲ್’ ಎಂದು ಬರೆದವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದೇ ಅರ್ಥವೋ? ಇಂಥ ಮಾತು ಎದ್ದಾಗ ಸಾಮಾನ್ಯವಾಗಿ ಗೆಲ್ಲುವುದು ದೊಡ್ಡ ಗಂಟಲಿನವರು. ವಾದಕ್ಕಿಳಿದವರು ಒಬ್ಬೊಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತಾರೆ, ಅದು ಯಾರ ಗಮನಕ್ಕೂ ಬಂದಿರುವುದಿಲ್ಲ. ಒಬ್ಬರು ಸ್ಪೆಲಿಂಗ್ ಹಿಡಿದು ಕೂತಿರುತ್ತಾರೆ, ಇನ್ನೊಬ್ಬರು ಸಿನಿಮಾದಲ್ಲಿ ಕೇಳಿದ್ದನ್ನು ಹೇಳುತ್ತಾರೆ, ಮತ್ತೊಬ್ಬರು ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟದ್ದನ್ನು ಬಿಟ್ಟುಕೊಡುವುದಿಲ್ಲ.

ಇಂಗ್ಲಿಷಿಗೆ ಕೊನೆಯ ತೀರ್ಪು ಕೊಡುವ ಪೀಠವೇ ಇಲ್ಲ ಎನ್ನುವುದು ಮೊದಲು ತಿಳಿದಿರಲಿ. ಫ್ರೆಂಚಿಗೆ 1635ರಿಂದ ಒಂದು ಅಕಾಡೆಮಿ ಇದೆ. ಇಂಗ್ಲಿಷಿಗೂ ಅಂಥದ್ದೊಂದು ಬೇಕು ಎಂದು ಜೊನಾಥನ್ ಸ್ವಿಫ್ಟ್ 1712ರಲ್ಲಿ ಕೇಳಿದ್ದುಂಟು, ಅದು ಕೈಗೂಡಲಿಲ್ಲ. ಬಿಬಿಸಿ 1926ರಲ್ಲಿ ಉಚ್ಚಾರಣೆಗೊಂದು ಸಲಹಾ ಸಮಿತಿ ಮಾಡಿತು, ಮುಂದೆ ಬರ್ನಾರ್ಡ್ ಶಾ ಅದರ ಅಧ್ಯಕ್ಷರೂ ಆದರು. ಆದರೆ ಅದರ ಮಾತು ಉದ್ಘೋಷಕರಿಗಷ್ಟೇ ಅನ್ವಯಿಸುತ್ತಿತ್ತು, ಊರಿಗೆಲ್ಲ ಅಲ್ಲ. ಕೊನೆಗೆ ನಮಗೆ ಉಳಿಯುವ ಆಧಾರ ನಿಘಂಟುಗಳು, ಮತ್ತು ನಿಘಂಟು ಕಾನೂನು ಮಾಡುವುದಿಲ್ಲ, ಜನ ಆಡುವುದನ್ನು ಬರೆದಿಡುತ್ತದೆ. ಹಾಗೆಂದು ಹೇಗೆ ಅಂದರೂ ನಡೆಯುತ್ತದೆ ಎಂದುಕೊಳ್ಳಬೇಡಿ. ಕೆಲವು ವಾದಗಳಿಗೆ ಖಚಿತ ಉತ್ತರವಿದೆ, ಕೆಲವಕ್ಕೆ ಎರಡು ಉತ್ತರಗಳಿವೆ. ಯಾವುದು ಯಾವ ಬಗೆಯದು ಎಂದು ಕಂಡುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಹೆಜ್ಜೆ 1: ಜಗಳ ಯಾವುದರ ಬಗ್ಗೆ ಎಂದು ಮೊದಲು ಕೇಳಿ

ಜಗಳ ಸ್ಪೆಲಿಂಗಿನದೋ, ಅರ್ಥದ್ದೋ, ಉಚ್ಚಾರಣೆಯದೋ, ಅಥವಾ ಬ್ರಿಟಿಷ್–ಅಮೆರಿಕನ್ ವ್ಯತ್ಯಾಸದ್ದೋ? ‘ಪ್ರಿನ್ಸಿಪಲ್’ ಎಂಬ ಎರಡು ಪದಗಳ ವಾದ ಬರೀ ಬರವಣಿಗೆಯದು, ಬಾಯಲ್ಲಿ ಎರಡೂ ಒಂದೇ. ‘ಶೆಡ್ಯೂಲ್’ ವಾದ ಸಾಗರದ ಎರಡು ದಡಗಳದ್ದು: ಹಳೆಯ ಬ್ರಿಟಿಷ್ ರೂಢಿ ‘ಶ’, ಅಮೆರಿಕದ್ದು ‘ಸ್ಕ’, ಈಗ ಬ್ರಿಟನ್ನಿನಲ್ಲೂ ‘ಸ್ಕ’ ಧಾರಾಳವಾಗಿ ಕೇಳಿಬರುತ್ತದೆ. ‘ಈದರ್–ಐದರ್’ ಅಂತೂ ಎರಡೂ ಕಡೆ ಎರಡೂ ನಡೆಯುತ್ತದೆ, ಅದರ ಮೇಲೆ ಹೊತ್ತು ಕಳೆಯುವುದು ದಂಡ. ‘ಡಿಟರ್ಮಿನ್’ ಪದವನ್ನು ‘ಡಿಟರ್‌ಮೈನ್’ ಎಂದರೆ ಮಾತ್ರ ಅದು ತಪ್ಪು, ಎಲ್ಲಿ ಹೋದರೂ ತಪ್ಪು.

ಹೆಜ್ಜೆ 2: ನಿಘಂಟನ್ನು ತೆರೆದರೆ ಸಾಲದು, ಓದಬೇಕು

‘ನಿಘಂಟಿನಲ್ಲಿದೆ ನೋಡಿ’ ಎನ್ನುವ ಮಾತಿಗೆ ಅಷ್ಟಕ್ಕೇ ಬೆಲೆಯಿಲ್ಲ. ಅಲ್ಲಿ ಏನೆಂದು ಇದೆ ಎನ್ನುವುದು ಮುಖ್ಯ.

‘ರೆಕಾರ್ಡ್’ ಪದವನ್ನೇ ತೆಗೆದುಕೊಳ್ಳಿ. ಕೇಂಬ್ರಿಜ್, ಆಕ್ಸ್‌ಫರ್ಡ್, ಲಾಂಗ್‌ಮನ್‌ಗಳು ಕಲಿಯುವವರಿಗೆಂದು ಮಾಡಿರುವ ನಿಘಂಟುಗಳಲ್ಲಿ ಅದಕ್ಕೆ ನಾಮಪದ, ಕ್ರಿಯಾಪದ ಎಂದು ಬೇರೆ ಬೇರೆ ದಾಖಲೆ ಇರುತ್ತದೆ. ಉಚ್ಚಾರಣೆಯ ಸಾಲಿನಲ್ಲಿ ಅಕ್ಷರಗಳ ನಡುವೆ ಮೇಲ್ಗಡೆ ಒಂದು ಪುಟ್ಟ ನೆಟ್ಟಗೀಟು ಕಾಣುತ್ತದೆ. ಹೆಚ್ಚಿನವರ ಕಣ್ಣು ಅದನ್ನು ದಾಟಿ ಹೋಗುತ್ತದೆ, ಆದರೆ ಇಡೀ ಸಾಲಿನಲ್ಲಿ ಅತಿ ಬೆಲೆಬಾಳುವುದು ಆ ಗೀಟೇ. ಅದರ ನಂತರ ಬರುವ ಭಾಗವನ್ನು ಒತ್ತಿ ಹೇಳಬೇಕು. ನಾಮಪದದಲ್ಲಿ ಗೀಟು ಪದದ ಮುಂದೆಯೇ ಇರುತ್ತದೆ: ‘ರೆ’ಗೆ ಒತ್ತು. ಕ್ರಿಯಾಪದದಲ್ಲಿ ಅದು ‘ಕಾರ್ಡ್’ ಮುಂದೆ ಸರಿಯುತ್ತದೆ, ಆಗ ಮೊದಲ ಭಾಗ ‘ರಿ’ ಆಗಿ ಸೊರಗುತ್ತದೆ. ಅದೇ ಸಾಲುಗಳಲ್ಲಿ ತಲೆಕೆಳಗಾದ ‘ಇ’ ಅಕ್ಷರವೊಂದು ಪದೇ ಪದೇ ಎದುರಾಗುತ್ತದೆ. ಅದು ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಸ್ವರ, ‘ಅ’ ಎನ್ನುವಷ್ಟರಲ್ಲಿ ಮುಗಿದುಹೋಗುವ ಸಪ್ಪೆ ಸದ್ದು. ಅದಕ್ಕೆ ‘ಶ್ವಾ’ ಎನ್ನುತ್ತಾರೆ. ಈ ಗೀಟು ಮತ್ತು ಈ ತಲೆಕೆಳಗಾದ ಅಕ್ಷರ, ಎರಡನ್ನು ಓದಲು ಬಂದರೆ ಉಳಿದ ಚಿಹ್ನೆಗಳನ್ನು ನಿಧಾನವಾಗಿ ಕಲಿತರೂ ನಡೆಯುತ್ತದೆ.

ಒಂದು ಪದಕ್ಕೆ ಎರಡು ಉಚ್ಚಾರಣೆ ಕೊಟ್ಟಿದ್ದರೆ ಎರಡೂ ಶಿಷ್ಟ. ಎರಡನೆಯದು ಕೀಳೆಂದು ಅರ್ಥವಲ್ಲ. ಕೀಳೆಂದು ಕೆಲವರು ಎಣಿಸುವುದಿದ್ದರೆ ನಿಘಂಟು ಅದನ್ನು ಬೇರೆಯಾಗಿ ಹೇಳುತ್ತದೆ. ‘ನ್ಯೂಕ್ಲಿಯರ್’ ಪದವನ್ನು ‘ನ್ಯೂಕ್ಯುಲರ್’ ಎನ್ನುವವರಿದ್ದಾರಲ್ಲ, ಮೆರಿಯಮ್-ವೆಬ್‌ಸ್ಟರಿನ ಅಚ್ಚಿನ ನಿಘಂಟು ಆ ರೂಪವನ್ನು ಬಿಡದೆ ಕೊಟ್ಟು, ಅದರ ಮುಂದೆ ಭಾಗಾಕಾರದ ಚಿಹ್ನೆ ಹಾಕುತ್ತದೆ: ಆಡುವವರುಂಟು, ಆಕ್ಷೇಪಿಸುವವರೂ ಉಂಟು ಎಂಬುದರ ಗುರುತು. ಹಾಗೆಯೇ ‘ಇರ್‌ರಿಗಾರ್ಡ್‌ಲೆಸ್’ ನಿಘಂಟಿನಲ್ಲಿದೆ, ಪಕ್ಕದಲ್ಲಿ ‘ನಾನ್‌ಸ್ಟ್ಯಾಂಡರ್ಡ್’ ಎಂಬ ಪಟ್ಟಿಯೂ ಇದೆ. ಪಟ್ಟಿಯನ್ನು ಓದದೆ ನಿಘಂಟನ್ನು ಸಾಕ್ಷಿಗೆ ಕರೆದರೆ ಸಾಕ್ಷಿ ನಿಮಗೇ ತಿರುಗಿಬೀಳುತ್ತದೆ.

(ನಿಘಂಟೂ ಎಡವುವುದುಂಟು. 1934ರ ವೆಬ್‌ಸ್ಟರ್ ನಿಘಂಟಿನಲ್ಲಿ ‘ಡಾರ್ಡ್’ ಎಂಬ ಪದ, ಅರ್ಥ ‘ಸಾಂದ್ರತೆ’. ‘ಡಿ’ ಅಕ್ಷರ, ದೊಡ್ಡದಾಗಲಿ ಚಿಕ್ಕದಾಗಲಿ (‘D or d’), ಡೆನ್ಸಿಟಿಯ ಸಂಕ್ಷೇಪ ಎಂದು ಬರೆದಿದ್ದ ಚೀಟಿಯನ್ನು ಒಂದೇ ಪದವೆಂದು ಓದಿದ್ದರಿಂದ ಹುಟ್ಟಿದ ಕೂಸು ಅದು. ಇದು ಸಂಪಾದಕರ ಕಣ್ಣಿಗೆ ಬಿದ್ದದ್ದು 1939ರಲ್ಲಿ.)

ಹೆಜ್ಜೆ 3: ಅಕ್ಷರಕ್ಕಿಂತ ಮೊದಲು ಒತ್ತು ಎಲ್ಲಿದೆ ನೋಡಿ

ನನ್ನ ಮಟ್ಟಿಗೆ ಉಚ್ಚಾರಣೆಯ ವಾದಗಳಲ್ಲಿ ನಾವು ತಪ್ಪು ಜಾಗದಲ್ಲಿ ಅಗೆಯುತ್ತೇವೆ. ಒಂದು ವ್ಯಂಜನ ಅತ್ತಿತ್ತ ಆದರೂ ಕೇಳುವವರು ಹೇಗೋ ಅರ್ಥ ಮಾಡಿಕೊಳ್ಳುತ್ತಾರೆ. ಒತ್ತು ತಪ್ಪಿದರೆ ಪದವೇ ಗುರುತು ಸಿಗುವುದಿಲ್ಲ. ಕನ್ನಡದಲ್ಲಿ ಒಂದೊಂದು ಅಕ್ಷರಕ್ಕೂ ಹೆಚ್ಚುಕಡಿಮೆ ಸಮನಾದ ಬೆಲೆ ಕೊಟ್ಟು ಮಾತಾಡುತ್ತೇವೆ. ಇಂಗ್ಲಿಷ್ ಹಾಗಲ್ಲ, ಒಂದು ಭಾಗವನ್ನು ಎತ್ತಿ ಹಿಡಿದು ಉಳಿದವನ್ನು ನುಂಗುತ್ತದೆ.

ಫೋಟೋದ ಸಂಸಾರ ಇದಕ್ಕೆ ಒಳ್ಳೆಯ ಉದಾಹರಣೆ. ‘ಫೋಟಗ್ರಾಫ್’ನಲ್ಲಿ ಒತ್ತು ಮೊದಲ ಭಾಗಕ್ಕೆ. ‘ಫಟಾಗ್ರಫರ್’ನಲ್ಲಿ ಎರಡನೆಯದಕ್ಕೆ, ಆಗ ಮೊದಲಿದ್ದ ‘ಫೋ’ ಬಾಡಿ ‘ಫ’ ಆಗುತ್ತದೆ. ‘ಫೋಟಗ್ರ್ಯಾಫಿಕ್’ನಲ್ಲಿ ಮೂರನೆಯದಕ್ಕೆ. ಮೂರನ್ನೂ ಗಟ್ಟಿಯಾಗಿ ಹೇಳುತ್ತ, ಒತ್ತು ಬಂದ ಕಡೆ ಮೇಜಿನ ಮೇಲೆ ಒಮ್ಮೆ ತಟ್ಟಿ. ತಟ್ಟುವ ಜಾಗ ಬದಲಾದ ಹಾಗೆ ಸ್ವರಗಳೂ ತಾವಾಗಿ ಬದಲಾಗುವುದು ನಿಮಗೇ ಗೊತ್ತಾಗುತ್ತದೆ. ‘ಬನಾನ’ದಲ್ಲಿ ಮೂರು ‘ಎ’ ಇವೆ. ನಡುವಿನದು ಮಾತ್ರ ಪೂರ್ತಿ ಸ್ವರ, ಆಚೆ ಈಚೆಯವು ಎರಡೂ ಶ್ವಾ.

ಒಂದೆರಡು ಸೂತ್ರಗಳು ನಿಜಕ್ಕೂ ಕೈಹಿಡಿಯುತ್ತವೆ. ‘-ಷನ್’, ‘-ಇಕ್’, ‘-ಇಟಿ’ ಎಂದು ಕೊನೆಯಾಗುವ ಪದಗಳಲ್ಲಿ ಒತ್ತು ಆ ಬಾಲದ ಹಿಂದಿನ ಭಾಗಕ್ಕೆ: ‘ಎಜುಕೇಷನ್’ನಲ್ಲಿ ‘ಕೇ’, ‘ಎಕನಾಮಿಕ್’ನಲ್ಲಿ ‘ನಾ’, ‘ಎಬಿಲಿಟಿ’ಯಲ್ಲಿ ‘ಬಿ’. ‘ಪಾಲಿಟಿಕ್ಸ್’, ‘ಆ್ಯರಬಿಕ್’ ಈ ಸೂತ್ರಕ್ಕೆ ಸಿಕ್ಕುವುದಿಲ್ಲ, ಅವುಗಳ ಒತ್ತು ಮೊದಲಲ್ಲೇ. ಎರಡು ಭಾಗಗಳ ‘ರೆಕಾರ್ಡ್’, ‘ಆಬ್ಜೆಕ್ಟ್’, ‘ಪರ್ಮಿಟ್’, ‘ಪ್ರೆಸೆಂಟ್’ ಮುಂತಾದವು ನಾಮಪದವಾದರೆ ಮೊದಲ ಭಾಗಕ್ಕೆ, ಕ್ರಿಯಾಪದವಾದರೆ ಎರಡನೆಯದಕ್ಕೆ ಒತ್ತು. ‘ಹೋಟೆಲ್’, ‘ಇವೆಂಟ್’, ‘ಪೊಲೀಸ್’ ಪದಗಳ ಒತ್ತು ಎರಡನೇ ಭಾಗಕ್ಕೆ. ನಾವು ಅವನ್ನು ಕನ್ನಡದ ಪದಗಳಾಗಿಯೂ ಬಳಸುವುದರಿಂದ ಇಂಗ್ಲಿಷ್ ಮಾತಾಡುವಾಗಲೂ ಕನ್ನಡದ ಒತ್ತೇ ನುಸುಳಿಬಿಡುತ್ತದೆ.

ಹೆಜ್ಜೆ 4: ಕನ್ನಡದಲ್ಲಿ ಬರೆದು ತೋರಿಸಿದ್ದನ್ನು ಪೂರ್ತಿ ನಂಬಬೇಡಿ

ಈ ಲೇಖನಕ್ಕೂ ಈ ಮಾತು ಅನ್ವಯ. ‘ವೆಸ್ಟ್’ ಎಂದು ಬರೆದರೆ ಪಶ್ಚಿಮವೋ ಒಳಅಂಗಿಯೋ ತಿಳಿಯದು, ನಮ್ಮ ಲಿಪಿಯಲ್ಲಿ ಇರುವುದು ಒಂದೇ ‘ವ’. ಇಂಗ್ಲಿಷಿನ ‘ವಿ’ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ‘ಡಬ್ಲ್ಯೂ’ಗೆ ಹಲ್ಲಿನ ಕೆಲಸವೇ ಇಲ್ಲ, ಸೀಟಿ ಹೊಡೆಯುವ ಹಾಗೆ ತುಟಿ ದುಂಡಗಾಗಬೇಕು. ಕನ್ನಡಿಯ ಮುಂದೆ ನಿಂತು ಎರಡು ‘ವೆಸ್ಟ್’, ಎರಡು ‘ವೈನ್’, ಎರಡು ‘ವೆಟ್’ ಹೇಳಿ. ಕಿವಿಗೆ ಗೊತ್ತಾಗದಿದ್ದರೂ ಕಣ್ಣಿಗೆ ಕಾಣುತ್ತದೆ.

‘ಥಿಂಕ್’ ಪದದ ಮೊದಲ ಸದ್ದೂ ನಮ್ಮ ಮಹಾಪ್ರಾಣ ‘ಥ’ ಅಲ್ಲ. ನಾಲಿಗೆಯ ತುದಿ ಹಲ್ಲಿಗೆ ಮೆಲ್ಲಗೆ ತಾಗಿ, ಸಂದಿನಿಂದ ಗಾಳಿ ಹೊರಡುತ್ತಲೇ ಇರಬೇಕು. ‘ಥ’ವನ್ನು ಎಳೆದು ಹೇಳಲಾಗದು, ಇಂಗ್ಲಿಷಿನ ಆ ಸದ್ದನ್ನು ಉಸಿರಿರುವಷ್ಟು ಹೊತ್ತು ಎಳೆಯಬಹುದು. ಅದೇ ಪರೀಕ್ಷೆ.

‘ಪೆನ್’, ‘ಟೀ’, ‘ಕ್ಯಾಟ್’ ಪದಗಳಿಗೆ ಇನ್ನೊಂದು ಪರೀಕ್ಷೆ ಇದೆ. ಬಾಯಿಯ ಮುಂದೆ ತೆಳ್ಳನೆಯ ಕಾಗದ ಹಿಡಿದು ‘ಪಿನ್’ ಎನ್ನಿ. ಇಂಗ್ಲಿಷ್ ತಾಯಿನುಡಿಯವರು ಹೇಳಿದಾಗ ಕಾಗದ ಅಲ್ಲಾಡುತ್ತದೆ, ನಾವು ಹೇಳಿದರೆ ಸಾಮಾನ್ಯವಾಗಿ ಅಲ್ಲಾಡುವುದಿಲ್ಲ. ಅವರು ಪದದ ಮೊದಲಲ್ಲಿ ಬರುವ ‘ಪ’ಕ್ಕೆ ಉಸಿರು ಸೇರಿಸುತ್ತಾರೆ, ನಮ್ಮ ‘ಫ’ದ ಹತ್ತಿರಕ್ಕೆ ಬರುವಷ್ಟು. ‘ಸ್ಪಿನ್’ ಎಂದಾಗ ಅವರ ಕಾಗದವೂ ಸುಮ್ಮನಿರುತ್ತದೆ. ನಮ್ಮ ‘ಪ್ಯಾಕ್’ ಕೆಲವೊಮ್ಮೆ ಅವರ ಕಿವಿಗೆ ‘ಬ್ಯಾಕ್’ ಎಂದು ಕೇಳುವುದು ಈ ಉಸಿರಿನ ಕೊರತೆಯಿಂದಲೇ.

‘ಸ’ ಮತ್ತು ‘ಜ಼’ ಬೇರೆಯಾಗುವುದರಿಂದ ಅರ್ಥವೇ ಬದಲಾಗುವ ಜೋಡಿಗಳಿವೆ. ‘ಲೂಸ್’ ಎಂದರೆ ಸಡಿಲ, ‘ಲೂಜ಼್’ ಎಂದರೆ ಕಳೆದುಕೊಳ್ಳು ಅಥವಾ ಸೋಲು. ‘ಅಡ್ವೈಸ್’ ಎಂದರೆ ಸಲಹೆ, ‘ಅಡ್ವೈಜ಼್’ ಎಂದರೆ ಸಲಹೆ ಕೊಡು. ಈ ಎರಡನ್ನೂ ಒಂದೇ ಥರ ಹೇಳುವವರು ಬರೆಯುವಾಗಲೂ ‘ಸಿ’, ‘ಎಸ್’ ಅದಲುಬದಲು ಮಾಡುವುದು ಸಹಜ. ಬಾಯಿ ಸರಿಹೋದರೆ ಕೈಯೂ ಸರಿಹೋಗುತ್ತದೆ.

ಹೆಜ್ಜೆ 5: ಸ್ಪೆಲಿಂಗನ್ನು ಸಾಕ್ಷಿಗೆ ಕರೆಯಬೇಡಿ

‘ಅಕ್ಷರ ಇದೆಯಲ್ಲ, ಮತ್ತೆ ಹೇಳಬೇಡವೇ?’ ಎನ್ನುವುದು ನಮ್ಮ ಮೆಚ್ಚಿನ ವಾದ. ಬರೆದಂತೆ ಓದುವ ಭಾಷೆಯವರಿಗೆ ಅದು ಸಹಜವೇ. ಆದರೆ ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ಇಟ್ಟ ಮೇಲೆ ಇಂಗ್ಲಿಷ್ ಸ್ಪೆಲಿಂಗ್ ಮೆಲ್ಲಮೆಲ್ಲನೆ ಗಟ್ಟಿಯಾಗುತ್ತ ಹೋಯಿತು, ಅದೇ ಕಾಲಕ್ಕೆ ದೀರ್ಘಸ್ವರಗಳೆಲ್ಲ ಬಾಯಲ್ಲಿ ಜಾಗ ಬದಲಿಸುತ್ತಿದ್ದವು. ಕಾಗದ ಹಿಂದೆ ಉಳಿಯಿತು, ನಾಲಿಗೆ ಮುಂದೆ ಹೋಯಿತು.

ಕೆಲವು ಅಕ್ಷರಗಳು ಯಾವತ್ತೂ ಉಚ್ಚಾರಣೆಯಲ್ಲಿ ಇದ್ದವೇ ಅಲ್ಲ. ‘ಡೆಟ್’, ‘ಡೌಟ್’ ಪದಗಳು ಇಂಗ್ಲಿಷಿಗೆ ಫ್ರೆಂಚಿನಿಂದ ಬಂದದ್ದು ‘ಬಿ’ ಇಲ್ಲದೆಯೇ. ಲ್ಯಾಟಿನ್ ಮೂಲದಲ್ಲಿ ‘ಬಿ’ ಇತ್ತೆಂದು ಪಂಡಿತರು ಆಮೇಲೆ ತುರುಕಿದರು. ‘ಐಲಂಡ್’ ಪದದ ‘ಎಸ್’ ಇನ್ನೂ ತಮಾಷೆ: ‘ಐಲ್’ ಎಂಬ ಬೇರೆಯೇ ಪದದ ನಂಟು ಇದೆಯೆಂದು ತಪ್ಪು ತಿಳಿದು ಸೇರಿಸಿದ್ದು. ‘ಆಫನ್’ದು ಬೇರೆ ಕಥೆ. ಅದರ ‘ಟಿ’ ಹಿಂದೆ ಉಚ್ಚಾರದಲ್ಲಿತ್ತು, ಬಿದ್ದುಹೋಯಿತು, ಸ್ಪೆಲಿಂಗ್ ನೋಡಿ ಓದುವವರಿಂದಾಗಿ ಮತ್ತೆ ಬಂತು. ಈಗಿನ ನಿಘಂಟುಗಳು ಎರಡನ್ನೂ ಕೊಡುತ್ತವೆ, ಆದ್ದರಿಂದ ಮೊದಲ ಸಾಲಿನ ಜಗಳ ಇಲ್ಲಿಗೆ ಸಮ.

‘ರಿಸೀಟ್’, ‘ಸಟಲ್’, ‘ಪ್ಲಮರ್’, ‘ಟೂಮ್’, ‘ಸ್ಯಾಮನ್’, ‘ಗೇಜ್’, ‘ಸ್ವೀಟ್’ ಎಂದೇ ಹೇಳಬೇಕಾದ ಹೋಟೆಲಿನ ಸೂಟ್ — ಇವನ್ನು ಒಂದೊಂದಾಗಿ ಕಿವಿಯಿಂದ ಕಲಿಯದೆ ಬೇರೆ ದಾರಿಯಿಲ್ಲ.

ಭೂತಕಾಲದ ‘-ಇಡಿ’ ಬಾಲಕ್ಕೆ ಮಾತ್ರ ಅಚ್ಚುಕಟ್ಟಾದ ನಿಯಮವಿದೆ. ಮೂಲಪದ ‘ಟ’ ಅಥವಾ ‘ಡ’ ಸದ್ದಿನಿಂದ ಮುಗಿದರೆ ‘ಇಡ್’: ವಾಂಟಿಡ್, ನೀಡಿಡ್. ಕ, ಪ, ಸ, ಶ, ಚ, ಫ಼ದಂಥ ಗಂಟಲು ನಡುಗದ ಸದ್ದಿನಿಂದ ಮುಗಿದರೆ ಬರೀ ‘ಟ್’: ವಾಕ್ಟ್, ಲಾಫ಼್ಟ್, ವಾಚ್ಟ್. ಉಳಿದದ್ದಕ್ಕೆಲ್ಲ ‘ಡ್’: ಕಾಲ್ಡ್, ಪ್ಲೇಡ್. ‘ವಾಕೆಡ್’, ‘ಲಾಫೆಡ್’ ಎನ್ನುವ ರೂಪಗಳು ಯಾವ ದೇಶದ ಇಂಗ್ಲಿಷಿನಲ್ಲೂ ಇಲ್ಲ.

‘ಎ’ ಮತ್ತು ‘ಆ್ಯನ್’ ಆಯ್ಕೆಗೂ ಕಿವಿಯೇ ಅಳತೆ. ಸ್ವರದ ಸದ್ದು ಬಂದರೆ ‘ಆ್ಯನ್’: ಆ್ಯನ್ ಅವರ್, ಆ್ಯನ್ ಎಂಬಿಎ. ‘ಯೂನಿವರ್ಸಿಟಿ’ ‘ಯ’ದಿಂದ ಶುರು, ಆದ್ದರಿಂದ ‘ಎ’. ಗಿಡಮೂಲಿಕೆಯನ್ನು ಅಮೆರಿಕನ್ನರು ‘ಅರ್ಬ್’ ಎನ್ನುವುದರಿಂದ ಅವರು ‘ಆ್ಯನ್’ ಬರೆಯುತ್ತಾರೆ, ‘ಹರ್ಬ್’ ಎನ್ನುವ ಬ್ರಿಟಿಷರು ‘ಎ’ ಬರೆಯುತ್ತಾರೆ. ಇಬ್ಬರೂ ಸರಿ.

ಹೆಜ್ಜೆ 6: ಗೊಂದಲದ ಜೋಡಿಗೆ ಒಂದೊಂದು ಪರೀಕ್ಷೆ ಇಟ್ಟುಕೊಳ್ಳಿ

ಅರ್ಥಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿದರೆ ಬರೆಯುವ ಹೊತ್ತಿಗೆ ಕೈಕೊಡುತ್ತದೆ. ಸ್ಥಳದಲ್ಲೇ ಮಾಡಬಹುದಾದ ಪರೀಕ್ಷೆ ಬೇಕು.

‘ಇಟ್ಸ್’ಗೆ ಅಪಾಸ್ಟ್ರಫಿ ಬೇಕೋ ಬೇಡವೋ? ಆ ಜಾಗದಲ್ಲಿ ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಹಾಕಿ ಓದಿ. ಕೂತರೆ ಬೇಕು, ಕೂರದಿದ್ದರೆ ಬೇಡ. ‘ಯೋರ್’, ‘ಹೂಸ್’ ಜೋಡಿಗಳಿಗೂ ಇದೇ ಪರೀಕ್ಷೆ.

‘ಅಫೆಕ್ಟ್–ಇಫೆಕ್ಟ್’: ಪದದ ಹಿಂದೆ ‘ದಿ’ ಅಥವಾ ‘ಆ್ಯನ್’ ಹಾಕಲು ಬಂದರೆ ‘ಇ’ಯಿಂದ ಶುರುವಾಗುವುದು, ಏಕೆಂದರೆ ಅದು ನಾಮಪದ. ಬರದಿದ್ದರೆ ‘ಎ’ಯಿಂದ ಶುರುವಾಗುವುದು. ವಾದಪ್ರಿಯರು ಕೂಡಲೇ ಅಪವಾದ ತೆಗೆಯುತ್ತಾರೆ: ಬದಲಾವಣೆಯನ್ನು ಜಾರಿಗೆ ತರು ಎನ್ನುವಾಗ ‘ಇಫೆಕ್ಟ್’ ಕ್ರಿಯಾಪದವೂ ಆಗುತ್ತದೆ, ಮನಶ್ಶಾಸ್ತ್ರದಲ್ಲಿ ‘ಆ್ಯಫೆಕ್ಟ್’ ನಾಮಪದವೂ ಹೌದು. ನಿಜ. ಅವು ಎದುರಾದಾಗ ನೋಡಿಕೊಂಡರಾಯಿತು.

‘ಲೈ–ಲೇ’ ಗೊಂದಲ ಇಂಗ್ಲಿಷ್ ತಾಯಿನುಡಿಯವರನ್ನೇ ಕಾಡುವಂಥದ್ದು, ಆದರೆ ಇಲ್ಲಿ ಕನ್ನಡಿಗರಿಗೆ ಅನುಕೂಲ ಜಾಸ್ತಿ. ‘ಮಲಗು’ ಮತ್ತು ‘ಮಲಗಿಸು’ ನಡುವಿನ ವ್ಯತ್ಯಾಸ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ತಾನೇ ಮಲಗಿದರೆ ‘ಲೈ’, ಇನ್ನೊಂದನ್ನು ಮಲಗಿಸಿದರೆ ಅಥವಾ ಇಟ್ಟರೆ ‘ಲೇ’. ತಾನೇ ಎದ್ದರೆ ‘ರೈಸ್’, ಇನ್ನೊಂದನ್ನು ಎತ್ತಿದರೆ ‘ರೇಸ್’. ತೊಡಕು ಇರುವುದು ಭೂತಕಾಲದಲ್ಲಿ: ‘ಲೈ’ಯ ಭೂತಕಾಲವೇ ‘ಲೇ’ ಆಗಿಬಿಡುತ್ತದೆ. ಲೈ, ಲೇ, ಲೇನ್. ಲೇ, ಲೇಡ್, ಲೇಡ್. ಇದನ್ನು ಮಾತ್ರ ಬಾಯಿಪಾಠ ಮಾಡಿ.

‘ಇಂಪ್ಲೈ’ ಮಾಡುವವರು ಮಾತಾಡುವವರು, ‘ಇನ್‌ಫರ್’ ಮಾಡುವವರು ಕೇಳುವವರು. ಸೂಚಿಸುವುದು ಒಂದು, ಊಹಿಸಿಕೊಳ್ಳುವುದು ಇನ್ನೊಂದು.

ಲೇಖನ ಸಾಮಗ್ರಿಯ ‘ಸ್ಟೇಷನರಿ’ಯಲ್ಲಿ ‘ಇ’, ನಿಂತಲ್ಲೇ ನಿಂತಿರುವ ‘ಸ್ಟೇಷನರಿ’ಯಲ್ಲಿ ‘ಎ’. ಪೇಪರಿನಲ್ಲೂ ‘ಇ-ಆರ್’ ಇದೆಯೆಂದು ನೆನಪಿಟ್ಟುಕೊಳ್ಳಿ. ಮೂಲದಲ್ಲಿ ಎರಡೂ ದಾಯಾದಿಗಳೇ: ಊರೂರು ತಿರುಗದೆ ಒಂದೇ ಕಡೆ ಅಂಗಡಿ ಇಟ್ಟು ಪುಸ್ತಕ ಮಾರುತ್ತಿದ್ದವರನ್ನು ಮಧ್ಯಯುಗದಲ್ಲಿ ‘ಸ್ಟೇಷನರ್’ ಎನ್ನುತ್ತಿದ್ದರು.

‘ಪ್ರ್ಯಾಕ್ಟಿಸ್’ಗೆ ‘ಸಿ’ಯೋ ‘ಎಸ್’ಓ ಎಂಬ ವಾದ ಬಂದರೆ ಒಂದನೇ ಹೆಜ್ಜೆಗೆ ಮರಳಿ. ಬ್ರಿಟಿಷರು ನಾಮಪದಕ್ಕೆ ‘ಸಿ’, ಕ್ರಿಯಾಪದಕ್ಕೆ ‘ಎಸ್’ ಬರೆಯುತ್ತಾರೆ. ಅಮೆರಿಕನ್ನರು ಎರಡಕ್ಕೂ ‘ಸಿ’. ‘ಲೈಸೆನ್ಸ್’ಗೆ ಮಾತ್ರ ಅಮೆರಿಕದಲ್ಲಿ ಎರಡಕ್ಕೂ ‘ಎಸ್’. ಯಾವುದನ್ನು ಆರಿಸಿಕೊಂಡರೂ ಒಂದು ಬರಹದೊಳಗೆ ಕೊನೆಯವರೆಗೆ ಅದನ್ನೇ ಇಟ್ಟುಕೊಳ್ಳಿ.

ಹೆಜ್ಜೆ 7: ‘ಹಿಂದೆಲ್ಲ ಹೀಗಿರಲಿಲ್ಲ’ ಎಂದರೆ ಇಸವಿ ಕೇಳಿ

ಎಣಿಸಲು ಬರುವುದಕ್ಕೆ ‘ಫ್ಯೂಅರ್’, ಬಾರದ್ದಕ್ಕೆ ‘ಲೆಸ್’ ಎಂಬ ನಿಯಮವನ್ನು ಅನಾದಿ ಎಂಬಂತೆ ಹೇಳುವವರಿದ್ದಾರೆ. ರಾಬರ್ಟ್ ಬೇಕರ್ ಎಂಬುವರು 1770ರಲ್ಲಿ ಹೀಗಿದ್ದರೆ ಚೆಂದ ಎಂದು ತಮ್ಮ ಅಭಿಪ್ರಾಯ ಬರೆದರು, ಮುಂದಿನವರು ಅದನ್ನು ಕಟ್ಟಳೆ ಮಾಡಿದರು. ಅದಕ್ಕೆ ಎಷ್ಟೋ ಶತಮಾನ ಮೊದಲು, ದೊರೆ ಆಲ್‌ಫ್ರೆಡ್‌ನ ಕಾಲದಿಂದಲೂ, ಎಣಿಕೆಯ ವಸ್ತುಗಳಿಗೆ ‘ಲೆಸ್’ ಬಳಕೆಯಲ್ಲಿತ್ತು. ಆದರೂ ಅರ್ಜಿ, ವರದಿ, ಪರೀಕ್ಷೆಯ ಉತ್ತರ ಬರೆಯುವಾಗ ‘ಫ್ಯೂಅರ್’ ಎಂದೇ ಬರೆಯಿರಿ. ಓದುವವರಲ್ಲಿ ಆ ನಿಯಮ ನಂಬಿದವರೇ ಹೆಚ್ಚು, ಅವರೊಡನೆ ಇತಿಹಾಸ ಚರ್ಚಿಸುವ ಅವಕಾಶ ನಿಮಗೆ ಅಲ್ಲಿ ಸಿಗುವುದಿಲ್ಲ.

‘ಆಸ್ಕ್’ ಪದವನ್ನು ‘ಆ್ಯಕ್ಸ್’ ಎನ್ನುವವರನ್ನು ನೋಡಿ ನಗುವವರೂ ಸ್ವಲ್ಪ ತಡೆಯಬೇಕು. ಹಳೆಯ ಇಂಗ್ಲಿಷಿನಲ್ಲಿ ಎರಡೂ ರೂಪ ಇದ್ದವು. 1535ರ ಕವರ್‌ಡೇಲ್ ಬೈಬಲಿನಲ್ಲಿ ‘ಬೇಡಿರಿ, ನಿಮಗೆ ಕೊಡಲ್ಪಡುವುದು’ ಎನ್ನುವಲ್ಲಿ ಇರುವುದು ‘ಆ್ಯಕ್ಸ್’. ಇವತ್ತು ಅದು ಶಿಷ್ಟ ರೂಪವಲ್ಲ, ಅಷ್ಟೇ. ‘ಲಿಟರಲಿ’ಯನ್ನು ಉತ್ಪ್ರೇಕ್ಷೆಗೆ ಬಳಸುವುದು ಈಗಿನ ಹುಡುಗರ ಚಾಳಿ ಎನ್ನುವವರಿಗೆ ಆಕ್ಸ್‌ಫರ್ಡ್ ನಿಘಂಟು 1769ರ ಉದಾಹರಣೆ ತೋರಿಸುತ್ತದೆ.

ಕಂಪ್ಯೂಟರಿನ GIF ಚಿತ್ರಗಳನ್ನು ‘ಜಿಫ್’ ಅನ್ನಬೇಕೋ ‘ಗಿಫ್’ ಅನ್ನಬೇಕೋ ಎಂಬ ವಾದಕ್ಕೆ ಹೊಸ ಕಾಲದ ಸಾಕ್ಷಿಯೇ ಇದ್ದರು. 1987ರಲ್ಲಿ ಆ ಚಿತ್ರಮಾದರಿ ರೂಪಿಸಿದ ತಂಡದ ಮುಖ್ಯಸ್ಥ ಸ್ಟೀವ್ ವಿಲ್‌ಹೈಟ್ ‘ಜಿಫ್’ ಎಂದೇ ಪಟ್ಟುಹಿಡಿದರು, 2013ರಲ್ಲಿ ಪ್ರಶಸ್ತಿ ಪಡೆದ ವೇದಿಕೆಯಲ್ಲೂ ಅದನ್ನೇ ಸಾರಿದರು. ಜನ ಮಾತ್ರ ‘ಗಿಫ್’ ಬಿಡಲಿಲ್ಲ, ನಿಘಂಟುಗಳು ಎರಡನ್ನೂ ಕೊಡುತ್ತವೆ.

ಹೆಜ್ಜೆ 8: ಹೆಸರುಗಳ ವಿಷಯದಲ್ಲಿ ವಾದವೇ ಬೇಡ

ವ್ಯಕ್ತಿಯ ಹೆಸರನ್ನು ಅವರು ಹೇಗೆ ಹೇಳಿಕೊಳ್ಳುತ್ತಾರೋ ಅದೇ ಸರಿ. ಗೊತ್ತಿಲ್ಲದಿದ್ದರೆ ಮೊದಲ ಭೇಟಿಯಲ್ಲೇ ಕೇಳಿಬಿಡಿ, ನಾಲ್ಕನೇ ಭೇಟಿಯಲ್ಲಿ ಕೇಳುವುದು ಕಷ್ಟ. ಊರಿನ ಹೆಸರಿಗೆ ಆ ಊರಿನವರೇ ಆಧಾರ. ಸ್ಪೆಲಿಂಗ್ ನೋಡಿ ‘ಲೈಸೆಸ್ಟರ್’ ಎನ್ನಬೇಡಿ, ಅದು ‘ಲೆಸ್ಟರ್’. ಹಾಗೆಯೇ ‘ವುಸ್ಟರ್’, ‘ಗ್ರೆನಿಚ್’, ‘ಎಡಿನ್‌ಬರ’. ಅಮೆರಿಕದ ‘ಕ್ಯಾನ್ಸಸ್’ನ ಹಿಂದೆ ಇಂಗ್ಲಿಷಿನ ‘ಎ-ಆರ್’ ಸೇರಿಸಿದರೆ ‘ಆರ್‌ಕ್ಯಾನ್ಸಸ್’ ಆಗಬೇಕಿತ್ತು, ಆಗುವುದು ‘ಆರ್ಕನ್ಸಾ’. ಇದರ ಬಗ್ಗೆ ಅಲ್ಲಿನವರೇ ಎಷ್ಟು ಕಿತ್ತಾಡಿದರೆಂದರೆ, ಕೊನೆಯ ‘ಎಸ್’ ಉಚ್ಚರಿಸಬಾರದು, ಒತ್ತು ಮೊದಲ ಮತ್ತು ಕೊನೆಯ ಭಾಗಕ್ಕೆ ಎಂದು 1881ರಲ್ಲಿ ಆ ರಾಜ್ಯದ ಶಾಸನಸಭೆ ನಿರ್ಣಯವನ್ನೇ ಅಂಗೀಕರಿಸಬೇಕಾಯಿತು.